ರಾತ್ರಿ ಎದೆ ಡವಡವ ಅನ್ನುತ್ತದೆ, ಏನು ಮಾಡಲಿ?

ಪ್ರಶ್ನೆ: ತೀರ್ಥಹಳ್ಳಿ ಕಡೆಯವನು, 52 ವರ್ಷ. ತೋಟ ಪಾಲಾದ ಮೇಲೆ ಅಣ್ಣನ ಜೊತೆ ಮಾತಿಲ್ಲ. ರಾತ್ರಿ 3 ಗಂಟೆಗೆ ಎಚ್ಚರವಾಗಿ ಎದೆ ಡವಡವ ಅನ್ನುತ್ತದೆ. ನೆಮ್ಮದಿಯೇ ಇಲ್ಲ.

ಉತ್ತರ: ಮೊದಲು ಬಿಪಿ, ಶುಗರ್, ಇಸಿಜಿ ಮಾಡಿಸಿ. ಎಲ್ಲ ಮನಸ್ಸಿನದ್ದೇ ಅಂತ ಸುಮ್ನೆ ಕೂರಬೇಡಿ. ಎದೆ ಹಿಂಡಿದ ಹಾಗಾಗಿ, ನೋವು ಕೈಗೋ ದವಡೆಗೋ ಹರಿದು, ಬೆವರು ಕಿತ್ತುಕೊಂಡು ಬಂದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ. ನಮ್ಮ ಒಂಟಿ ಮನೆಗಳಿಂದ ಆಸ್ಪತ್ರೆ ದೂರ, ಮಳೆಗಾಲದಲ್ಲಿ ಇನ್ನೂ ದೂರ.

ಅಪ್ಪೆಮಿಡಿ ಉಪ್ಪಿನಕಾಯಿ ಅಂದರೆ ನನಗೂ ಪ್ರಾಣ. ಆದರೆ ಬಿಪಿ ಏರದಿರಬೇಕಾದರೆ ದಿನದ ಉಪ್ಪು ಎಲ್ಲ ಸೇರಿ 5 ಗ್ರಾಂ ದಾಟಬಾರದು. ಊಟಕ್ಕೆ ಒಂದು ಚೂರು ಸಾಕು.

ಎಚ್ಚರವಾದಾಗ ಎದ್ದು ಕೂತು, ಐದು ಎಣಿಸುತ್ತ ಉಸಿರು ಒಳಗೆ, ಐದು ಎಣಿಸುತ್ತ ಹೊರಗೆ. ನಿಮಿಷಕ್ಕೆ 6 ಉಸಿರು. ಎದೆಬಡಿತ ನಿಧಾನವಾಗಿ ಹದಕ್ಕೆ ಬರುತ್ತದೆ.

ಇನ್ನು ಅಣ್ಣನ ವಿಷಯ. ನಾನೂ ಅಕ್ಕನ ಜೊತೆ ಏಳು ವರ್ಷ ಮಾತು ಬಿಟ್ಟಿದ್ದೆ. ಒಂದು ರಾತ್ರಿ ಅವಳ ಮನೆಯ ಅಡಿಕೆ ಸುಲಿತಕ್ಕೆ ಹೋಗಿ, ಸಿಪ್ಪೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತೆ. ಅವಳು ಏನೂ ಕೇಳಲಿಲ್ಲ. ಅಡಿಕೆ ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು. ಅವತ್ತು ಒಳ್ಳೆ ನಿದ್ದೆ ಬಂತು. ನಿಮ್ಮ ಅಣ್ಣನ ಮನೆಯಲ್ಲೂ ಈಗ ಸುಲಿತ ಶುರುವಾಗಿರಬೇಕು, ಅಲ್ವಾ? ಒಮ್ಮೆ ಹೋಗಿ ಬನ್ನಿ.