ಗಂಡನ ಮೊದಲ ಹೆಂಡತಿ ನಾಳೆ ಆಸ್ತಿ ಕೇಳಬಹುದಾ?

ತಂಗಿ, ಗುಬ್ಬಿಯಿಂದ ಮದುವೆಯಾಗಿ ಇಂಗ್ಲೆಂಡಿಗೆ ಬಂದಿದ್ದೀಯ. ಇಲ್ಲಿನ ಚಳಿ, ಖರ್ಚು ಎಲ್ಲ ಕೇಳಿ ಕೊನೆಗೆ ಒಂದು ಸಾಲು ಸೇರಿಸಿದ್ದೀಯ: "ಅಕ್ಕಾ, ಇವರಿಗೆ ಇದು ಎರಡನೇ ಮದುವೆ. ಡೈವೋರ್ಸ್ ಇಲ್ಲೇ ಆಗಿದೆ. ನಾಳೆ ಇವರಿಗೆ ಏನಾದರೂ ಆದರೆ ಮೊದಲಿನವರು ಆಸ್ತಿ ಕೇಳಬಹುದಾ? ತಿಪಟೂರಲ್ಲಿ ತೆಂಗಿನ ತೋಟವೂ ಇದೆ."

ಚಳಿಗೆ ಒಳ್ಳೇ ಜಾಕೆಟ್ ತಗೋ, ಸಾಕು. ಈ ಸಾಲಿಗೆ ಉತ್ತರ ಸ್ವಲ್ಪ ಉದ್ದ ಇದೆ.

ಇಲ್ಲಿ ಕೇಳಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1975ರ ಒಂದು ಕಾನೂನಿದೆ. ಡೈವೋರ್ಸ್ ಆದ ಹೆಂಡತಿ ಮತ್ತೆ ಮದುವೆಯಾಗಿರದಿದ್ದರೆ, ತೀರಿಕೊಂಡವರ ಆಸ್ತಿಯಿಂದ ತನ್ನ ಜೀವನಕ್ಕೆ ಬೇಕಾದಷ್ಟು ಕೊಡಿಸಿ ಅಂತ ಕೋರ್ಟಿಗೆ ಹೋಗಬಹುದು. ಪ್ರೊಬೇಟ್, ಅಂದರೆ ತೀರಿಕೊಂಡವರ ಆಸ್ತಿ ವಿಲೇವಾರಿಗೆ ಸಿಗುವ ಅಧಿಕೃತ ಅನುಮತಿ, ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಡೈವೋರ್ಸ್ ಸಮಯದಲ್ಲಿ 'ಕ್ಲೀನ್ ಬ್ರೇಕ್' ಆದೇಶ (ಇಬ್ಬರ ನಡುವಿನ ದುಡ್ಡಿನ ಲೆಕ್ಕ ಪೂರ್ತಿ ಮುಗಿಸುವ ಕೋರ್ಟ್ ಆದೇಶ) ಮಾಡಿಸಿ, ಮುಂದೆ ಹೀಗೆ ಕೇಳುವಂತಿಲ್ಲ ಅಂತ ಅದರಲ್ಲಿ ಬರೆಸಿದ್ದರೆ ಆ ಚಿಂತೆ ಇಲ್ಲ. ಆದರೆ ಎಷ್ಟೋ ಜನ ಡೈವೋರ್ಸ್ ಪತ್ರ ಕೈಗೆ ಬಂದ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ದುಡ್ಡಿನ ಆದೇಶ ಬೇರೆಯೇ ಮಾಡಿಸಬೇಕು.

ನಿಮ್ಮ ಯಜಮಾನರು ಮದುವೆಗೆ ಮೊದಲು ಇಲ್ಲಿ ಬರೆದ ವಿಲ್ ಸಾಮಾನ್ಯವಾಗಿ ನಿಮ್ಮ ಮದುವೆಯಿಂದಲೇ ರದ್ದಾಗಿರುತ್ತದೆ. ತಾನು ತೀರಿಕೊಂಡರೆ ದುಡ್ಡು ಯಾರಿಗೆ ಅಂತ ಬರೆದುಕೊಡುವ ಪೆನ್ಷನ್ ಫಾರಂ ಹಾಗಲ್ಲ, ಅದರಲ್ಲಿ ಹಳೇ ಹೆಸರು ಹಾಗೇ ಇರಬಹುದು. ಮನೆ ಇನ್ನೂ ಅವರ ಮತ್ತು ಮೊದಲ ಹೆಂಡತಿಯ ಜಂಟಿ ಹೆಸರಲ್ಲಿದೆಯಾ ಅಂತಲೂ ನೋಡು.

ಇನ್ನು ತೋಟ. ಅದಕ್ಕೆ ನಮ್ಮ ದೇಶದ ಕಾನೂನೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಡೈವೋರ್ಸ್ ಆದ ಹೆಂಡತಿ ವಾರಸುದಾರಳಲ್ಲ. ಆದರೆ ಇಲ್ಲಿನ ಡೈವೋರ್ಸ್ ಅಲ್ಲಿ ನಿಲ್ಲುತ್ತದಾ ಅನ್ನೋದೇ ದೊಡ್ಡ ಪ್ರಶ್ನೆ. ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ ಹೊರದೇಶದ ಕೋರ್ಟ್ ಡೈವೋರ್ಸ್ ಕೊಟ್ಟರೆ ಅದನ್ನು ಒಪ್ಪಲಾಗದು ಅಂತ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಬ್ಬರೂ ಒಪ್ಪಿ ತಗೊಂಡಿದ್ದರೆ ಬೇರೆ ಮಾತು. ಇಲ್ಲಿ 2022ರಿಂದ ಒಬ್ಬರೇ ಅರ್ಜಿ ಹಾಕಿ, ಯಾರ ತಪ್ಪೂ ಹೇಳದೆ ಡೈವೋರ್ಸ್ ಪಡೆಯಬಹುದು. ನಿಮ್ಮ ಯಜಮಾನರದು ಹಾಗೆ ಆಗಿದ್ದರೆ, ತುಮಕೂರಿನ ಕೋರ್ಟಿನಲ್ಲಿ ಆಕೆ ನಾನಿನ್ನೂ ಹೆಂಡತಿ ಅಂತ ವಾದಿಸಬಹುದು. ಆಗ ತೋಟದ ಜೊತೆ ನಿನ್ನ ಮದುವೆಯೂ ಪ್ರಶ್ನೆಗೆ ಬರುತ್ತದೆ. ನನ್ನ ಕೇಳಿದರೆ ನೀನು ಮೊದಲು ನೋಡಬೇಕಾದ್ದು ಆ ಡೈವೋರ್ಸ್ ಕಾಗದ. ಅರ್ಜಿ ಹಾಕಿದವರು ಯಾರು, ಇನ್ನೊಬ್ಬರು ಒಪ್ಪಿದ್ದರಾ?

ಮೊದಲ ಮದುವೆಯಲ್ಲಿ ಮಗು ಇದ್ದರೆ ಅದು ನಮ್ಮ ದೇಶದಲ್ಲಿ ವಾರಸುದಾರ, ಇಲ್ಲೂ ಪಾಲು ಕೇಳಬಹುದು. ಅದಕ್ಕೆ ಬೇಜಾರಾಗಬೇಡ, ಅಪ್ಪನ ಆಸ್ತಿ ಅಲ್ವಾ. ಇನ್ನೊಂದು ವಿಷಯ: ತಿಪಟೂರಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಳೇ ಹೆಂಡತಿ ಹೆಸರಿಗೆ ವಿಲ್ ಮಾಡಿಸಿದ್ದರೆ, ನಮ್ಮ ಕಾನೂನಲ್ಲಿ ಅದು ಡೈವೋರ್ಸ್‌ನಿಂದ ತಾನಾಗಿ ಹೋಗುವುದಿಲ್ಲ. ಅವರೇ ರದ್ದು ಮಾಡಬೇಕು.

ಮನೆಯಲ್ಲಿ ಆಕೆಯ ಸುದ್ದಿ ಎತ್ತಿ ಸುಮ್ನೆ ಜಗಳ ಯಾಕೆ? "ನಾವಿಬ್ಬರೂ ವಿಲ್ ಬರೆಸೋಣ" ಅಂತ ಶುರು ಮಾಡು. ಡೈವೋರ್ಸ್ ಪತ್ರ, ದುಡ್ಡಿನ ಆದೇಶ ಎರಡನ್ನೂ ಸಾಲಿಸಿಟರ್ (ಇಲ್ಲಿನ ವಕೀಲರು) ಹತ್ತಿರ ಇಬ್ಬರೂ ಕೂತು ಓದಿಸಿಕೊಳ್ಳಿ. ತೋಟಕ್ಕೆ ತುಮಕೂರಿನ ವಕೀಲರಿಂದ ಬೇರೆ ವಿಲ್ ಮಾಡಿಸಿ. "ಹಿಂದಿನ ಎಲ್ಲ ವಿಲ್ ರದ್ದು" ಅನ್ನುವ ಸಾಲು ಇಲ್ಲಿನ ವಿಲ್‌ನಲ್ಲಿ ಇದ್ದೇ ಇರುತ್ತದೆ. ಅದು ತೋಟದ ವಿಲ್‌ಗೆ ತಗುಲದ ಹಾಗೆ ಬರೆಯಲು ಹೇಳಿ.