‘ಓದಿ ನೋಡ್ತೀನಿ’ ಎನ್ನಲಾಗದ ಕಾಗದ

ಗಂಡ ಸತ್ತ ಕೆಲವೇ ವಾರಗಳಲ್ಲಿ ಸಹಿಗೆಂದು ಮನೆಯೊಳಗೇ ಬರುವ ಕಾಗದ: ಇಂಥ ಪ್ರಕರಣ ಸಲಹೆಗೆಂದು ನನ್ನ ಬಳಿ ಮತ್ತೆ ಮತ್ತೆ ಬರುತ್ತಿರುವುದರಿಂದ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಶಾಲೆಗೆ ಹೋಗುವ ಇಬ್ಬರು ಮಕ್ಕಳ ತಾಯಿ. ಗಂಡ ಸ್ವಂತ ದುಡಿಮೆಯಲ್ಲಿ ಕೊಂಡ ಎರಡು ಎಕರೆ ಜಮೀನು, ಉಯಿಲು ಇಲ್ಲ. ‘ಪೌತಿ ಖಾತೆಗೆ (ಸತ್ತವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ) ಒಪ್ಪಿಗೆ’ ಎಂದು ಭಾವ ತಂದದ್ದು ಅತ್ತೆಯ ಹೆಸರಿಗೆ ಬರೆಸಿದ ಹಕ್ಕು ಖುಲಾಸೆ ಪತ್ರ, ಅಂದರೆ ತನ್ನ ಪಾಲನ್ನು ಬಿಟ್ಟುಕೊಟ್ಟೆ ಎನ್ನುವ ಪತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಇಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ ನಾಲ್ವರಿಗೂ ಸಮಪಾಲು. ಇವರಿರುವಾಗ ಗಂಡನ ಅಣ್ಣನಾದ ಭಾವನಿಗೆ ಪಾಲಿಲ್ಲ; ಅದಕ್ಕೇ ಪತ್ರ ಅತ್ತೆಯ ಹೆಸರಿಗೆ.

ಓದಿದಿರಾ ಎಂದು ಕೇಳಿದೆ.

“ಓದೋಕೆ ಬರುತ್ತೆ ಮೇಡಂ. ಓದಿ ನೋಡ್ತೀನಿ ಅಂದ್ರೆ ‘ನಮ್ಮೇಲೆ ನಂಬಿಕೆ ಇಲ್ವಾ’ ಅಂತಾರೆ. ನಾನು ಅದೇ ಮನೇಲಿ ಬಾಳ್ಬೇಕಲ್ಲ.”

ಇಷ್ಟು ಹೇಳಿ ಪತ್ರವನ್ನು ಮಡಚಿ ಮತ್ತೆ ಬ್ಯಾಗಿಗೆ ಹಾಕಿಕೊಂಡರು. ಈ ಮಾತಿನೆದುರು ಹಕ್ಕಿನ ಪಾಠ ಕೆಲಸಕ್ಕೆ ಬರುವುದಿಲ್ಲ. ನಂಬಿಕೆಯ ಮಾತೇ ಏಳದಂತೆ ಸಹಿ ಮುಂದೂಡುವ ದಾರಿ ಬೇಕಿತ್ತು. ಇಬ್ಬರೂ ಕೂತು ಹೇಳಬೇಕಾದ್ದನ್ನು ಬಾಯಿಗೆ ತಂದುಕೊಂಡೆವು: “ಭಾವ, ಮಕ್ಕಳ ಪಾಲೂ ಇದೆಯಂತೆ. ಕೋರ್ಟಿನ ಅನುಮತಿ ಇಲ್ದೆ ಅದನ್ನ ಬಿಟ್ಕೊಟ್ರೆ, ದೊಡ್ಡವರಾದ್ಮೇಲೆ ಅವರು ರದ್ದು ಮಾಡಿಸಬಹುದಂತೆ. ವಕೀಲರಿಗೆ ತೋರಿಸಿ ಹೇಳ್ತೀನಿ.” ಇದು ನೆಪವಲ್ಲ, ಅಪ್ರಾಪ್ತರ ಆಸ್ತಿಗೆ ಕಾನೂನು ಇರುವುದೇ ಹಾಗೆ.

ಜೊತೆಗೆ ಹೇಳಿದ್ದು: ಪತ್ರದ ಫೋಟೋ ತೆಗೆದಿಟ್ಟುಕೊಳ್ಳಿ. ವಂಶವೃಕ್ಷದಲ್ಲಿ ನಿಮ್ಮ ಮತ್ತು ಮಕ್ಕಳ ಹೆಸರಿದೆಯೇ ನೋಡಿ. ಹೆಸರು ಬಿಟ್ಟುಹೋಗುವುದು ಹೆಚ್ಚಾಗಿ ಅಲ್ಲೇ. ಮರಣ ಪ್ರಮಾಣಪತ್ರ, ಪಹಣಿ ಸೇರಿಸಿ ನಾಲ್ವರ ಹೆಸರಿಗೂ ಜಂಟಿಯಾಗಿ ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಬೇರೆಯವರು ಮೊದಲೇ ಕೊಟ್ಟಿದ್ದರೆ, ನೋಟಿಸಿನಲ್ಲಿ ಹೇಳಿದ ಗಡುವಿನೊಳಗೆ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ, ಸಹಾಯವಾಣಿ 15100. ಮನೆ ಬಿಡಿಸುವ ಬೆದರಿಕೆ ಬಂದರೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ವಾಸದ ಹಕ್ಕಿದೆ. ಮರುಮದುವೆಯಾದರೂ ಬಂದ ಪಾಲು ಹೋಗದು.

ನೇರವಾಗಿ ಪಾಲಿನ ದಾವೆ ಹಾಕಿಸಬೇಕಿತ್ತು ಎಂದವರಿದ್ದಾರೆ, ಮನೆ ಒಡೆದಿರಿ ಎಂದವರೂ ಇದ್ದಾರೆ. ಸಹಿ ಹಾಕದಿದ್ದರೆ ಹಕ್ಕು ಎಲ್ಲಿಗೂ ಹೋಗದು. ಕೊಡುವ ಮನಸ್ಸಿದ್ದರೆ ಆಕೆ ತನ್ನ ಪಾಲನ್ನು ಮುಂದೆಯೂ ಕೊಡಬಹುದು. ನೋಂದಣಿಯಾದ ಖುಲಾಸೆ ಪತ್ರವನ್ನು ರದ್ದು ಮಾಡಿಸಲು ಮಾತ್ರ ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯಬೇಕು.

ಖಾತೆ ಈಗ ಜಂಟಿಯಾಗಿದೆ. ಉಳುಮೆ ಇನ್ನೂ ಭಾವನದೇ. ಬೆಳೆಯ ಹಣದಲ್ಲಿ ಆಕೆಯ ಪಾಲಿನ ಮಾತುಕತೆ ಮುಗಿದಿಲ್ಲ.