ಮುಂಗಾರು ಮಳೆ ಇವತ್ತಿಗೂ ಯಾಕೆ ಅಳಿಸುತ್ತೆ?

2006ರ ಡಿಸೆಂಬರಲ್ಲಿ ಬಂದ ಸಿನಿಮಾ, ಆದ್ರೂ ಟೀವಿಲಿ ಬಂದ್ರೆ ಚಾನೆಲ್ ಬದಲಾಯಿಸೋಕೆ ಮನಸ್ಸೇ ಬರಲ್ಲ. ನನ್ ಪ್ರಕಾರ ಮುಖ್ಯ ಕಾರಣ, ಇದ್ರಲ್ಲಿ ಪ್ರೀತಿ ಮುರಿದ ವಿಲನ್ ಅಂತ ದ್ವೇಷಿಸೋಕೆ ಯಾರೂ ಸಿಗಲ್ಲ. ಬೇರೆಯವನ ಜೊತೆ ಮದುವೆ ಗೊತ್ತಾಗಿರೋ ನಂದಿನಿಗೂ ಪ್ರೀತಂ ಮೇಲೆ ಪ್ರೀತಿ ಹುಟ್ಟಿರುತ್ತೆ, ಅವನೇ ಅವಳ ಮನೆಯವರ ಮುಖ ನೋಡಿ ಬಿಟ್ಟುಕೊಡ್ತಾನೆ, ಹಂಗಾಗಿ ಸಿಟ್ಟು ಹೊರಗೆ ಹಾಕೋಕೆ ದಾರಿನೇ ಇಲ್ದೆ ದುಃಖ ನಮ್ಮೊಳಗೇ ಉಳಿದುಬಿಡುತ್ತೆ. ಅಷ್ಟೊತ್ತು ಪ್ರೀತಂ ಆಗಿ ಗಣೇಶ್ ಪಟಪಟ ಮಾತಾಡಿ ನಗಿಸಿರ್ತಾರಲ್ಲ, ಅದೇ ಹುಡುಗ ಕೊನೇಲಿ ದೇವದಾಸ ಅನ್ನೋ ಮೊಲದ ಜೊತೆ ಒಬ್ಬನೇ ಉಳಿದು, ಆ ದೇವದಾಸನೂ ಸತ್ತೋದಾಗ ತಡ್ಕೊಳ್ಳೋಕೇ ಆಗಲ್ಲ. ಜಯಂತ ಕಾಯ್ಕಿಣಿ ಸಾಲು, ಮನೋಮೂರ್ತಿ ಟ್ಯೂನು, ಮಲೆನಾಡು-ಕೊಡಗಿನ ಮಳೆ ಬಗ್ಗೆ ಹೇಳೋದೇ ಬೇಡ. ಮಳೆ ಇಲ್ಲಿ ಬ್ಯಾಕ್‌ಗ್ರೌಂಡ್ ಅಲ್ಲ, ಪ್ರೀತಂ ಬದಲಿಗೆ ಅದೇ ಅಳ್ತಾ ಇರುತ್ತೆ.